ಲೇಡಿ ವಿನ್‌ಸ್ಕೋಂಬಳ ಇಬ್ಬರು ಹೆಣ್ಣುಮಕ್ಕಳು

ಲೇಡಿ ವಿನ್‌ಸ್ಕೋಂಬ್ ಚಹಾಕ್ಕೆ ಕರೆದಾಗ ಡಾಕ್ಟರ್ ಗಾರ್ಗಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಅವಳು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದ ರೋಗಿ, ಮುದುಕಿಯ ಕಿರಿಮಗಳು ಹೆಸ್ಟರಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ಸೂ ಮೈಗೆ ಒಗ್ಗುತ್ತಿರಲಿಲ್ಲ, ಸೂಜಿ ಚುಚ್ಚಲು ನೆಟ್ಟಗಿನ ನರವೊಂದೂ ಉಳಿದಿರಲಿಲ್ಲ, ಬೇರೆಯವರ ಕಿಡ್ನಿಗೆ ಸರದಿಯಲ್ಲಿ ಕಾಯುವಷ್ಟು ಸಮಯವೂ ಇರಲಿಲ್ಲ. ಪುಣ್ಯಕ್ಕೆ ಅಕ್ಕ ಲವೀನಿಯಾಳ ಕಿಡ್ನಿ ಚೆನ್ನಾಗಿ ಹೊಂದಿತ್ತು, ಕೊಡಲು ಅವಳು ಒಪ್ಪಿಯೂ ಇದ್ದಳು. ತಾಯಿಗೆ ನಾಲ್ಕು ಧೈರ್ಯದ ಮಾತು ಹೇಳಿ ಬಂದರಾಯಿತೆಂದು ಗಾರ್ಗಿ ರೇನರ್ಸ್ ಲೇನಿನ ಮನೆಯಿಂದ ಹೊರಟಳು.

ಹ್ಯಾರೋ ದಾಟಿದ ಮೇಲೆ ಆ ಮನೆ. ಹೊರಗಿನಿಂದ ಅರಮನೆ, ಒಳಗೆ ಸೋರುವ ಸೂರಿನ ಕೆಳಗೆಲ್ಲ ಬಕೆಟ್ಟು. ಮೆಟ್ಟಿಲುದ್ದಕ್ಕೂ ಸತ್ತವರ ಚಿತ್ರಪಟಗಳು ಬಂದವರನ್ನು ದುರುಗುಟ್ಟಿ ನೋಡುತ್ತಿದ್ದವು.

"ನಾನು ಗಂಡನ ದೆಸೆಯಿಂದ ಲೇಡಿ ಆದವಳಲ್ಲ. ಈ ಪದವಿ ನನ್ನಪ್ಪನದು, ನಾನು ಒಬ್ಬಳೇ ಮಗಳು, ನನಗೇ ಬಂತು" ಎಂದಳು ಮುದುಕಿ. "ಆದರೆ ಇಬ್ಬರು ಹೆಣ್ಣುಮಕ್ಕಳಿದ್ರೆ ನಮ್ಮಲ್ಲಿ ದೊಡ್ಡವಳು ಚಿಕ್ಕವಳು ಅಂತಿಲ್ಲ. ಇಬ್ಬರಿಗೂ ಸಮಪಾಲು. ಪದವಿನ ಕತ್ತರಿಸಿ ಹಂಚೋಕಾಗುತ್ತಾ? ಹಾಗಾಗಿ ಯಾರಿಗೂ ಇಲ್ಲ. ನಾನು ಕಣ್ಣು ಮುಚ್ಚಿದಾಗ ಇಬ್ಬರೂ ಇದ್ರೆ ಪದವಿ ಯಾರದೂ ಆಗದೆ ಮಲಗಿಬಿಡುತ್ತೆ, ಒಬ್ಬಳೇ ಇದ್ರೆ ಅವಳದು. ಅದು ಮಲಗಿದ ದಿನವೇ ಈ ಮನೆ ಮಾರಬೇಕು, ನಮ್ಮಜ್ಜ ಉಯಿಲಿನಲ್ಲಿ ಹಾಗೆ ಕಟ್ಟು ಮಾಡಿಟ್ಟಿದಾನೆ."

"ಒಬ್ಬಳಿಗೇ ಕೊಡಿ ಅಂತ ಅರಸರನ್ನ ಕೇಳಿಕೊಂಡರೆ?"

"ಕೇಳಬಹುದು. ಅವರು ಮನಸ್ಸು ಮಾಡೋ ಹೊತ್ತಿಗೆ ಇಲ್ಲಿ ಫ್ಲಾಟುಗಳು ಎದ್ದಿರುತ್ತವೆ." ಮುದುಕಿ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಳು. "ಇಬ್ಬರಿಗೂ ಮದುವೆಯಿಲ್ಲ, ಮಕ್ಕಳಿಲ್ಲ. ನನಗೆ ಒಬ್ಬಳು ಸಾಕಿತ್ತು ಡಾಕ್ಟರ್."

ಚಹಾ ಬಗ್ಗಿಸುತ್ತಿದ್ದ ಲವೀನಿಯಾ ತಲೆಯೆತ್ತಲಿಲ್ಲ. ಧಾರವಾಡದಲ್ಲಿ ಒಂದು ಗೋಡೆಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಕಂಡಿದ್ದ ಗಾರ್ಗಿಗೆ ಇದು ಮುದಿವಯಸ್ಸಿನ ಹಲುಬಾಟವೆನಿಸಿತು. ಹೂಂಗುಟ್ಟುತ್ತ ಕೇಳಿ, ಬಿಸ್ಕತ್ತು ತಿಂದು ಎದ್ದು ಬಂದಳು. ಆ ಬಿಸ್ಕತ್ತಿಗಾಗಿ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಮುಂದಿನ ವಾರ ಲವೀನಿಯಾ ಆಸ್ಪತ್ರೆಗೆ ಬಂದು, ಕೋಟು ಕೂಡ ಬಿಚ್ಚದೆ, "ನಾನು ಕೊಡೋದಿಲ್ಲ" ಅಂದಳು.

ದಾನಿ ಹಿಂದೆ ಸರಿದರೆ ಯಾರೂ ಕಾರಣ ಕೇಳುವಂತಿಲ್ಲ. ರೋಗಿಗೆ 'ಹೊಂದಲಿಲ್ಲ' ಎಂದಷ್ಟೇ ಹೇಳುವುದು ಅಲ್ಲಿನ ರೂಢಿ. ಮನೆಯವರ ಒತ್ತಾಯಕ್ಕೆ ಯಾರೂ ಕಿಡ್ನಿ ಕೊಡುವಂತಾಗಬಾರದೆಂದು ಮಾಡಿಕೊಂಡ ಏರ್ಪಾಡು, ಒಳ್ಳೆಯದೇ. ಮನೆಯವರ ಒತ್ತಾಯಕ್ಕೆ ಕೊಡದೆ ಹೋಗುವವರೂ ಇರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

ಗಾರ್ಗಿ ತಡೆಯಲಾರದೆ ಕೇಳಿಯೇಬಿಟ್ಟಳು. "ನಿಮ್ಮಮ್ಮ ಏನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲ. ಊಟದ ಮೇಜಿನ ತುದಿಯಲ್ಲಿ, ಮನೆಯೊಡತಿ ಕೂರೋ ಅವರ ಕುರ್ಚಿಯಲ್ಲಿ ನನ್ನನ್ನ ಕೂರಿಸಿದ್ರು, ಅಷ್ಟೇ. ಇಷ್ಟು ವರ್ಷದಲ್ಲಿ ಅದೇ ಮೊದಲು."

ಆ ಸಂಜೆ ಗಾರ್ಗಿ ತಟ್ಟೆಯ ಮುಂದೆ ಕೂತೇ ಇದ್ದಳು. "ಯಾಕ, ಇವತ್ತ ಯಾರರೆ ಹೋದ್ರೇನು?" ಎಂದ ಗಂಡ ಜಗನ್ನಾಥ.

"ಇನ್ನೂ ಹೋಗಿಲ್ಲ."

"ಮತ್ತ ಊಟ ಯಾಕ ಬಿಟ್ಟಿ?"

ಅವನಿಗೂ ಹೇಳುವಂತಿರಲಿಲ್ಲ. ಎದ್ದು ಕೈ ತೊಳೆದುಕೊಂಡಳು.

ಮರುದಿನ ವಾರ್ಡಿನಲ್ಲಿ ಹೆಸ್ಟರಳ ಹಾಸಿಗೆಯ ಪಕ್ಕ ನಿಂತು, "ಕೊನೆಯ ಪರೀಕ್ಷೆಯಲ್ಲಿ ಅಕ್ಕನದು ಹೊಂದಲಿಲ್ಲ" ಎಂದಳು. ಹೆಸ್ಟರ್ ಊದಿದ ತನ್ನ ಕೈಗಳನ್ನು ಹೊದಿಕೆಯೊಳಗೆ ಸರಿಸಿಕೊಂಡಳು.

"ಪಾಪ ಲವೀನಿಯಾ," ಅಂದಳು. "ಚಿಕ್ಕಂದಿನಲ್ಲಿ ನಾನು ಅತ್ತರೆ ಅವಳ ಗೊಂಬೆನೂ ನನಗೇ ಕೊಡ್ತಿದ್ಲು. ಇದರಲ್ಲಿ ಅವಳ ತಪ್ಪೇನಿಲ್ಲ ಅಂತ ನೀವೇ ಹೇಳಿ ಡಾಕ್ಟರ್. ಇಲ್ಲದಿದ್ರೆ ಕೊರಗಿಕೊಂಡೇ ಸಾಯ್ತಾಳೆ."

ಗಾರ್ಗಿಗೆ ಆ ಮನೆಯ ಮೇಲೆ, ಆಸ್ಪತ್ರೆಯ ರೂಢಿಯ ಮೇಲೆ, ತನ್ನ ಮೇಲೂ ಸಿಟ್ಟು ಬಂತು. ಹೊರಗೆ ಕಾರಿಡಾರಿನಲ್ಲಿ ಲವೀನಿಯಾ ಹೂ ಹಿಡಿದು ಕೂತಿದ್ದಳು. ತಂಗಿ ಹೇಳಿದ್ದನ್ನು ಗಾರ್ಗಿ ಒಂದಕ್ಷರ ಬಿಡದೆ ಅವಳಿಗೆ ಹೇಳಿದಳು. ನೋಯಲಿ ಎಂದೇ ಹೇಳಿದಳು.

ಲವೀನಿಯಾ ಬಿಕ್ಕಿ ಬಿಕ್ಕಿ ಅತ್ತಳು. ನಿಜವಾದ ಅಳುವೇ, ಅದರಲ್ಲಿ ಗಾರ್ಗಿಗೆ ಅನುಮಾನವಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅಮ್ಮನ ಹಾರ್ಟು ತುಂಬ ವೀಕಾಗಿದೆ ಡಾಕ್ಟರ್. ಹೆಸ್ಟರ್ ಅವರಿಗಿಂತ ಮೊದಲು ಹೋಗ್ತಾಳಲ್ವಾ?"