ಮನೆಗೊಬ್ಬ ಗಂಡಸು

“ಕೀಲಿ ಮುಟ್ಟಬ್ಯಾಡ ಕಾಕಿ, ಭಂಡಾರ ಐತಿ ಅದಕ್ಕ.”

ಪಂಚಾಯ್ತಿ ಕಟ್ಟೆಯ ಮೇಲೆ ಕೂತಿದ್ದ ಭೀಮಶಿ ಎದ್ದು ನಿಂತ. ಶಂಕ್ರವ್ವ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲಿಗೆ ಜಡಿದ ಕೀಲಿಗೆ, ಕೊಂಡಿಗೆ, ಚೌಕಟ್ಟಿಗೆಲ್ಲ ಲಕ್ಷ್ಮೀದೇವಿ ಗುಡಿಯ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಬಳಿದಿದ್ದರು. ಒಣಗಿದ ಅರಿಷಿಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ಅವಳದೇ ಹೆಸರು: ಅಧ್ಯಕ್ಷರು, ಶ್ರೀಮತಿ ಶಂಕ್ರವ್ವ. ಅಧ್ಯಕ್ಷೆಯಾದ ಮೇಲೆ ಅವಳು ಈ ಬಾಗಿಲು ದಾಟಿದ್ದು ಒಂದೆರಡು ಸಲ, ಅದೂ ಧ್ವಜ ಏರಿಸುವ ದಿನ. ಮಿಕ್ಕ ದಿನ ಅವಳ ಕುರ್ಚಿಯಲ್ಲಿ ಗಂಡ ದುಂಡಪ್ಪ ಕೂರುತ್ತಿದ್ದ. ಸಹಿ ಬೇಕಾದ ಕಾಗದಗಳು ರೊಟ್ಟಿ ಬಡಿಯುವ ಹೊತ್ತಿಗೆ ಅಡುಗೆಮನೆಗೇ ಬರುತ್ತಿದ್ದವು. ಜೋಳದ ಹಿಟ್ಟು ಮೆತ್ತದ ಠರಾವು ಕರಿಬಾವಿ ಪಂಚಾಯ್ತಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕರಿಬಾವಿ ಸರಕಾರದ ಮೇಲೆ ತಿರುಗಿಬಿದ್ದು ಒಂದು ಬೇಸಿಗೆ ಕಳೆಯುತ್ತ ಬಂದಿತ್ತು. ಹೊಳೆಯ ದಂಡೆಯಲ್ಲಿ ದೊಡ್ಡ ಬಾವಿ ತೋಡಿ, ಆಳು ನುಗ್ಗುವಂಥ ಪೈಪು ಹಾಕಿ, ನೀರನ್ನು ದೂರದ ಕಾರ್ಖಾನೆಗಳಿಗೆ ಒಯ್ಯುವ ಕೆಲಸ ಶುರುವಾದಾಗ ಊರು ಮೊದಲು ಮನವಿ ಕೊಟ್ಟಿತು. ಆಮೇಲೆ ದಾರಿಗೆ ಅಡ್ಡ ಮಲಗಿತು. ಪೊಲೀಸರು ಬಡಿದ ಮೇಲೆ ಕಲ್ಲು ಹಿಡಿಯಿತು. ದಂಡೆಯ ಮೇಲಿದ್ದ ಯಂತ್ರ ಸುಟ್ಟು ಕರಕಲಾಯಿತು. ಸುಟ್ಟವರು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಲಾಠಿ ಏಟಿಗೆ ಭೀಮಶಿಯ ಎಡಗೈ ಮುರಿಯಿತು, ಅವತ್ತಿನಿಂದ ಅವನ ಮಾತೇ ಊರಿನ ಮಾತಾಯಿತು. ಅಗಸಿ ಬಾಗಿಲಿಗೆ ಕಬ್ಬಿನ ಟ್ರೇಲರು ಅಡ್ಡ ನಿಂತವು. ಬಾವಿ ಕೆಲಸ ನಿಲ್ಲುವ ತನಕ ಸರಕಾರದ ಮನುಷ್ಯ ಅಗಸಿ ದಾಟಬಾರದು, ಸರಕಾರದ ಕೆಲಸ ಊರಲ್ಲಿ ನಡೆಯಬಾರದು ಎಂದು ಮನೆಗೊಬ್ಬ ಗಂಡಸು ಗುಡಿಗೆ ಬಂದು ಭಂಡಾರ ಮುಟ್ಟಿ ಆಣೆ ಮಾಡಿದ. ಭಂಡಾರ ಮುಟ್ಟಿ ಆಡಿದ ಮಾತಿಗೆ ಈ ಸೀಮೆಯಲ್ಲಿ ಕೋರ್ಟಿಲ್ಲ, ಅಪೀಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ ಈ ಜಗಳದಲ್ಲಿ ಬಡವಾದವರು ಪತ್ರಾಸ್ ಶೆಡ್ಡಿನ ಮಂದಿ. ಹಿಂದಿನ ಮಳೆಗಾಲದಲ್ಲಿ ಹೊಳೆ ಏರಿ ಬಂದಾಗ ಕೆಳಗಿನ ಓಣಿಯ ಮಣ್ಣಿನ ಮನೆಗಳೆಲ್ಲ ಕುಸಿದಿದ್ದವು. ಆ ಓಣಿಯವರನ್ನು ಶಾಲೆಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇಟ್ಟಿದ್ದರು. ಮನೆಗಳು ಮಂಜೂರಾಗಿದ್ದವು, ಪಂಚಾಯ್ತಿ ಸಭೆಯ ಠರಾವು ಒಂದು ಬಾಕಿ. ಪಂಚಾಯ್ತಿಯ ಪಿಡಿಒ ರಾಜೇಶ್ವರಿ ಊರಿಗೆ ಬರಲಾಗದೆ ಹುಕ್ಕೇರಿಯಲ್ಲಿ ಕೂತು ಫೋನು ಮಾಡಿದ್ದಳು. ಬರುವ ವಾರದೊಳಗೆ ಠರಾವು ಆಗದಿದ್ದರೆ ಮನೆಗಳು ಬೇರೆ ತಾಲೂಕಿಗೆ ಹೋಗುತ್ತವೆ. ಸಭೆ ಪಂಚಾಯ್ತಿಯ ಒಳಗೇ ಆಗಬೇಕು, ಗುಡಿಯಲ್ಲೋ ಶಾಲೆಯಲ್ಲೋ ಮಾಡಿದರೆ ನಡೆಯದು. ಫೋನು ಬಂದದ್ದು ದುಂಡಪ್ಪನ ಮೊಬೈಲಿಗೆ. ಅವನು ಹೊಲದಲ್ಲಿದ್ದ, ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ಹೀಗೆ ಅಪ್ಪಿತಪ್ಪಿ ಅಧ್ಯಕ್ಷರಿಗೇ ಸುದ್ದಿ ಮುಟ್ಟಿತು.

“ಒಂದ ತಾಸು ತಗೀ ಭೀಮಶಿ,” ಅಂದಳು ಶಂಕ್ರವ್ವ. “ಮನಿ ಠರಾವು ಮಾಡಿ ಮತ್ತ ಹಾಕೂಣು.”

“ಒಂದ ತಾಸು ತಗದ್ರ ಮುಗೀತು ಕಾಕಿ. ಇವತ್ತ ಮನಿ ಕೊಡ್ತಾರ, ನಾಳಿ ರಸ್ತಾ ಕೊಡ್ತಾರ, ನಾಡದ ಹೊಳೀನ ಒಯ್ತಾರ. ಆಸೆ ತೋರ್ಸಿ ನಮ್ಮನ್ನ ಒಡ್ಯಾಕತ್ತಾರ. ನಿನಗ ತಿಳ್ಯಾಂಗಿಲ್ಲ.”

“ಹೊಳಿ ಬಂದು ಅವರ ಮನಿ ಒಯ್ತು. ಈಗ ಹೊಳಿ ಸಲುವಾಗಿ ಮತ್ತ ಮನಿ ಬಿಡ್ರಿ ಅಂತಿ. ಒಂದ ಹೊಳಿಗೆ ಎಷ್ಟ ಸಲ ಮನಿ ಕೊಡಬೇಕೋ?”

ಭೀಮಶಿ ಕೆಟ್ಟವನಲ್ಲ. ಹೊಳೆ ಹೋದರೆ ಊರೇ ಹೋಯಿತು ಅನ್ನುವುದು ಅವನ ಮಾತು, ಅದರಲ್ಲಿ ಸುಳ್ಳೂ ಇರಲಿಲ್ಲ. ಮುರಿದ ಕೈಯನ್ನು ನೀವಿಕೊಳ್ಳುತ್ತ, “ಆಣಿ ಆಗೇತಿ ಕಾಕಿ. ನಿಮ್ಮ ಮನೀದೂ ಆಗೇತಿ. ಕಾಕಾನ್ನ ಕೇಳು,” ಅಂದ.

ಮಧ್ಯಾಹ್ನ ದುಂಡಪ್ಪ ಉಣ್ಣಲು ಕೂತಾಗ ಅವಳು ಕೇಳಿದಳು.

“ಭಂಡಾರ ಮುಟ್ಟಿದ್ರಂತ?”

“ಹೂಂ. ಎಲ್ಲಾರೂ ಮುಟ್ಟಿದ್ರು. ಮನಿಗೊಬ್ಬ ಗಂಡಸ ಅಂದ್ರು. ನಿನ್ನ ಸೈತ ಹಿಡದ ಮುಟ್ಟೇನಿ.”

“ನನ್ನ ಕೇಳ್ಲಿಲ್ಲ.”

ದುಂಡಪ್ಪ ನಕ್ಕ. “ಅಧ್ಯಕ್ಷನ್ನ ಮಾಡಬೇಕಾದ್ರ ಕೇಳಿದ್ನೇನು?”

ಅದು ಅವರ ಮನೆಯ ಹಳೆಯ ತಮಾಷೆ. ಆ ಮಾತಿಗೆ ಇಬ್ಬರೂ ಎಷ್ಟೋ ಸಲ ನಕ್ಕಿದ್ದರು. ಇವತ್ತು ಶಂಕ್ರವ್ವನಿಗೆ ನಗು ಬರಲಿಲ್ಲ, ಸಿಟ್ಟು ಬಂತು.

“ನೀವು ಉಂಡ್ರ ನನ್ನ ಹೊಟ್ಟಿ ತುಂಬ್ತೈತೇನ್ರಿ?”

“ಇದೇನ ಮಾತ?”

“ನೀವು ಮುಟ್ಟಿದ್ದು ನಿಮ್ಮ ಕೈಲೆ. ನನ್ನ ಕೈ ಅವಾಗ ಇಲ್ಲೇ ಹಿಟ್ಟಿನ್ಯಾಗಿದ್ವು. ಯಾವ ಕೈ ಮುಟ್ಟಿದ್ವು, ಯಾವು ಮುಟ್ಟಿಲ್ಲ, ತಾಯಿಗೆ ಗೊತ್ತೈತಿ.”

ದುಂಡಪ್ಪನ ತುತ್ತು ಕೈಯಲ್ಲೇ ಉಳಿಯಿತು. “ಹುಚ್ಚರಗತೆ ಮಾಡಬ್ಯಾಡ. ಊರು ನಮ್ಮನ್ನ ಹೊರಗ ಹಾಕತೈತಿ.”

“ಶೆಡ್ಡಿನ ಮಂದಿ ಒಂದ ವರ್ಷ ಆತು ಹೊರಗ ಅದಾರ,” ಅನ್ನುತ್ತ ಅವಳು ಸೆರಗು ಸಿಕ್ಕಿಸಿ ಹೊರಬಿದ್ದಳು.

ಶೆಡ್ಡಿನಲ್ಲಿ ಶಹನಾಜಬಿ ಕಾದ ತಗಡಿನ ಮೇಲೆ ನೀರು ಎರಚುತ್ತಿದ್ದಳು. ಒಳಗೆ ಸೊಸೆ ಸುರಯ್ಯಾ ಹಸಿ ಬಾಣಂತಿ. ಕೂಸಿನ ಮೈತುಂಬ ಬೆವರುಸಾಲೆ ಎದ್ದು, ಅತ್ತೂ ಅತ್ತೂ ಅದರ ದನಿ ಬಿದ್ದುಹೋಗಿತ್ತು. ಬಿಸಿಲಿಗೇ ಹೀಗಾದರೆ ಈ ತಗಡಿನ ಕೆಳಗೆ ಇನ್ನೊಂದು ಮಳೆಗಾಲ ಹೇಗೆ ಕಳೆಯುವುದು ಅನ್ನುವುದು ಅಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ.

“ನಮ್ಮ ಶಮಶೇರನೂ ಮುಟ್ಟ್ಯಾನ ಶಂಕ್ರವ್ವಕ್ಕ,” ಶಹನಾಜಬಿ ಮಗನ ಬಗ್ಗೆ ಹೇಳಿದಳು. “ಮನಿ ಬೇಕು ಖರೆ. ಆದ್ರ ಊರಾಗಿದ್ದು ಊರ ಮಾತ ಹೆಂಗ ಮೀರೂದು?”

“ನೀ ಮುಟ್ಟೀಯೇನು?”

“ನನ್ನ ಯಾರ ಕರದಾರ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಶಹನಾಜಬಿ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಕೊಡ ಕೆಳಗಿಟ್ಟು, “ನಮ್ಮಲ್ಲೆ ಕಬ್ಬಿಣದ ಹಾರಿ ಐತಿ. ಬಿದ್ದ ಗ್ವಾಡಿ ಕಿತ್ತಿದ್ದು,” ಅಂದಳು.

ಸಭೆಗೆ ಅರ್ಧದಷ್ಟು ಸದಸ್ಯರಾದರೂ ಬೇಕು. ಕರಿಬಾವಿ ಪಂಚಾಯ್ತಿಯಲ್ಲಿ ಅರ್ಧ ಸದಸ್ಯರು ಹೆಂಗಸರೇ, ಹಾಗಂತ ಸರಕಾರದ ಕಾಯಿದೆ. ಅವರ ಬದಲು ಅವರ ಗಂಡಂದಿರು ಸಭೆಯಲ್ಲಿ ಕೂತು ಚಹಾ ಕುಡಿಯುವುದು ಊರಿನ ಕಾಯಿದೆ. ಶಂಕ್ರವ್ವ ಉಪ್ಪು ಕೇಳುವ ನೆಪ, ಹೆಪ್ಪು ಕೇಳುವ ನೆಪ ಮಾಡಿ ಒಂದೊಂದೇ ಮನೆ ಹೊಕ್ಕಳು. ಇಂದ್ರವ್ವ ಎಮ್ಮೆ ಹಿಂಡುತ್ತ ಕೂತವಳು ತಲೆ ಎತ್ತಿ, “ನಾ ಮೆಂಬರ್ ಅದೇನಿ ಅನ್ನೂದ ಮರ್ತಿದ್ದೆ ನೋಡಬೇ,” ಅಂದಳು. ಅಂಜಿಕೆ ಎಲ್ಲರಿಗೂ ಇತ್ತು. ಆದರೆ ತಮ್ಮನ್ನು ಯಾರೂ ಕರೆದಿರಲಿಲ್ಲ ಅನ್ನುವ ಮಾತು ಒಬ್ಬೊಬ್ಬರಿಗೂ ಒಂದೊಂದು ಕಡೆ ಚುಚ್ಚಿತು.

ಹುಕ್ಕೇರಿ ಸಂತೆಯ ದಿನ ಬಸ್ಸು ಅಗಸಿಯ ಹೊರಗೆ ನಿಂತಿತು. ಟ್ರೇಲರಿನ ಮೇಲೆ ಕಾವಲು ಕೂತ ಹುಡುಗರು ಸರಕಾರದ ಜೀಪು ಬಂತೇನೋ ಎಂದು ರಸ್ತೆ ನೋಡುತ್ತಿದ್ದರು. ಶಂಕ್ರವ್ವನ ಜೊತೆ ಸಂತೆಗೆ ಹೋಗಿದ್ದ ಹೆಂಗಸರ ಗುಂಪು ಚೀಲ ಹೊತ್ತು ಟ್ರೇಲರಿನ ಸಂದಿಯಲ್ಲಿ ನುಸುಳಿ ಒಳಗೆ ಬಂತು. ಅದರಲ್ಲೊಬ್ಬಳು ತಲೆತುಂಬ ಸೆರಗು ಹೊದ್ದು, ಮೆಂತ್ಯೆ ಸೊಪ್ಪಿನ ಚೀಲ ಹಿಡಿದಿದ್ದಳು. ಸೊಪ್ಪಿನ ಕೆಳಗೆ ಠರಾವು ಬುಕ್ಕು, ಸೆರಗಿನ ಕೆಳಗೆ ಪಿಡಿಒ ರಾಜೇಶ್ವರಿ.

ಅವರು ಪಂಚಾಯ್ತಿ ಮುಟ್ಟುವಷ್ಟರಲ್ಲಿ ಸುದ್ದಿ ಹರಡಿತ್ತು. ಭೀಮಶಿ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ. ಹಿಂದೆ ಗಂಡಸರು ನೆರೆದರು. ದುಂಡಪ್ಪನೂ ಇದ್ದ.

“ಕಾಕಿ, ಭಂಡಾರ ಮುರೀಬ್ಯಾಡ. ತಾಯಿ ಸುಮ್ಮನ ಬಿಡಾಂಗಿಲ್ಲ.”

ಶಂಕ್ರವ್ವ ಅವನ ಪಕ್ಕದಿಂದಲೇ ಕೈ ತೂರಿಸಿ ಕೀಲಿಯ ಮೇಲಿನ ಅರಿಷಿಣ ಕೆರೆದಳು. ಅದನ್ನು ತನ್ನ ಹಣೆಗೆ ಹಚ್ಚಿಕೊಂಡಳು, ಇಂದ್ರವ್ವನ ಹಣೆಗೂ ಹಚ್ಚಿದಳು.

“ಭಂಡಾರ ಹಣಿಗೆ ಹಚ್ಚೂದು ಭೀಮಶಿ. ಕೀಲಿಗೆ ಯಾರ ಹಚ್ಚತಾರ? ಮನಿಗೊಬ್ಬ ಗಂಡಸ ಆಣಿ ಮಾಡೀರಿ. ನಿಮ್ಮ ಆಣಿ ನೀವು ನಡಸ್ರಿ, ಒಬ್ಬರೂ ಈ ಬಾಗ್ಲಾ ಮುಟ್ಟಬ್ಯಾಡ್ರಿ. ಆಣಿ ಮಾಡದವ್ರು ನಾವು ತಗೀತೇವಿ.”

ಭೀಮಶಿ ಗಂಡಸರ ಕಡೆ ನೋಡಿದ. ತಡೆಯಬೇಕೆಂದರೆ ಯಾರದೋ ತಾಯಿಯ, ಯಾರದೋ ಅಕ್ಕನ ಮೈಮೇಲೆ ಕೈ ಮಾಡಬೇಕು. ಯಾರೂ ಮುಂದೆ ಬರಲಿಲ್ಲ. ಶಮಶೇರ ನೆಲ ನೋಡುತ್ತಿದ್ದ. ಶಹನಾಜಬಿ ಕೊಂಡಿಯೊಳಗೆ ಹಾರೆ ತೂರಿಸಿ, “ಸರಿಯಪಾ, ಕೈಗೆ ಬಡದೀತು. ಮದ್ಲ ಒಂದ ಮುರದೈತಿ,” ಅಂದಳು. ಭೀಮಶಿ ಸರಿದ. ಕೀಲಿ ಚೌಕಟ್ಟಿನ ಸಿಬರಿನ ಸಮೇತ ಕಿತ್ತು ಬಂತು.

ಒಳಗೆ ಹೋದ ಹೆಂಗಸರು ರೂಢಿಯಂತೆ ನೆಲದ ಮೇಲೆ ಸಾಲಾಗಿ ಕೂತುಬಿಟ್ಟರು. “ಕುರ್ಚಿ ಮ್ಯಾಲ ಕೂಡ್ರಿ ಅಕ್ಕಾರ, ನೀವು ಸದಸ್ಯರು,” ಅಂದಳು ರಾಜೇಶ್ವರಿ. ಕುರ್ಚಿಯ ಧೂಳು ಒರೆಸಿ ಕೂತರು. ಮನೆಗಳ ಠರಾವು ಆಯಿತು. ಒಬ್ಬೊಬ್ಬರೂ ನಿಧಾನಕ್ಕೆ ಸಹಿ ಮಾಡಿದರು. ರಾಜೇಶ್ವರಿ ಬುಕ್ಕು ಮುಚ್ಚುವಾಗ ಶಂಕ್ರವ್ವ ತಡೆದಳು.

“ಇನ್ನೊಂದ ಬರೀರಿ ಮೇಡಮ್ಮಾರ. ನಮ್ಮ ಹೊಳಿ ನೀರ ಕಾರ್ಖಾನಿಗೆ ಕೊಡಾಂಗಿಲ್ಲ ಅಂತ.”

“ಅದನ್ನ ಬರದ್ರ ನನಗ ನೋಟಿಸ್ ಬರ್ತೈತ್ರಿ.”

“ನೀವು ಸರಕಾರಕ್ಕ ಅಂಜ್ತೀರಿ, ನಾ ಊರಿಗೆ ಅಂಜ್ತೇನಿ. ಇವತ್ತ ಇಬ್ರೂ ಬಿಡೂಣು. ಬರೀರಿ.”

ಕಿಟಕಿಯ ಹೊರಗೆ ನಿಂತಿದ್ದ ಭೀಮಶಿಗೆ ಅದು ಕೇಳಿಸಿತು.

ಊರು ಸುಮ್ಮನಾಗಲಿಲ್ಲ. ಆಣೆ ಮಾಡಿದ ಗೌಂಡಿ ಗೋಡೆ ಕಟ್ಟಲು ಬರಲಿಲ್ಲ, ಟ್ರ್ಯಾಕ್ಟರಿನವರು ಕಲ್ಲು ಹೊರಲಿಲ್ಲ. ಶಂಕ್ರವ್ವನ ಮನೆಗೆ ಹಾಲು ಹಾಕುವವರು ಬಿಟ್ಟರು. ದುಂಡಪ್ಪ ಮನೆಯಲ್ಲಿ ಉಣ್ಣುತ್ತಿದ್ದ, ಮಾತಾಡುತ್ತಿರಲಿಲ್ಲ. ಅವನ ಮೌನ ಅವಳಿಗೆ ಊರಿನ ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು. ಆದರೂ ಬೆಳಗಾದರೆ ಗುದ್ದಲಿ ಹಿಡಿದು ಹೊರಡುತ್ತಿದ್ದಳು. ಮಳೆ ಬೀಳುವುದರೊಳಗೆ ಪಾಯ ಏಳಬೇಕು.

ಶಹನಾಜಬಿಯ ಜಾಗದಲ್ಲಿ ಹೆಂಗಸರೇ ಗೂಟ ಬಡಿದು, ಹಗ್ಗ ಎಳೆದು, ಸುಣ್ಣದ ಗೆರೆ ಹಾಕಿದರು. ದುಂಡಪ್ಪ ಹೊಲಕ್ಕೆ ಹೊರಟವನು ರಸ್ತೆಯ ಅಂಚಿನಲ್ಲಿ ನಿಂತ. ಯಾರಿಗೂ ಅಲ್ಲ ಅನ್ನುವಂತೆ ಅಂದ:

“ಗೆರಿ ಸೊಟ್ಟ ಆಗೇತಿ.”

ಶಂಕ್ರವ್ವ ತಲೆ ಎತ್ತಲಿಲ್ಲ. “ಬಂದು ನೆಟ್ಟಗ ಮಾಡ್ರಿ.”

“ನಾ ಮುಟ್ಟಾಂಗಿಲ್ಲ.”

“ಹಂಗಾರ ಸೊಟ್ಟ ಇರ್ಲಿ.”

ಅವಳು ಗುದ್ದಲಿ ಎತ್ತಿ ಸೊಟ್ಟ ಗೆರೆಯ ಮೇಲೆಯೇ ಹಾಕಿದಳು. ಮಣ್ಣು ಗಟ್ಟಿಯಿತ್ತು. ಇನ್ನೊಂದು ಏಟಿಗೆ ಎತ್ತುವಷ್ಟರಲ್ಲಿ ರಸ್ತೆಯಿಂದ ದನಿ ಬಂತು.

“ಎಡಕ್ಕ. ಮೂಲಿ ಗೂಟ ಒಂದ ಗೇಣು ಎಡಕ್ಕ.”

ಶಹನಾಜಬಿ ಗೂಟ ಕಿತ್ತು ಎಡಕ್ಕೆ ಸರಿಸಿದಳು.

“ಇನ್ನೂ ಚೂರು,” ಅಂದ ದುಂಡಪ್ಪ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು.