ಎದುರು ಕೂತು ಈಸಿಕೊಂಡ ಪದ

ಚೇಳೂರಿನ ಭಜನೆ ಮೇಳಕ್ಕೊಂದು ಕಟ್ಟಳೆ ಇತ್ತು. ಪದವನ್ನು ವಾಟ್ಸಾಪಿನಲ್ಲಿ ಕಳಿಸುವ ಹಾಗಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತು, ಫೋನಿನಿಂದ ಫೋನಿಗೆ ನೇರ ಶೇರ್ ಮಾಡಬೇಕು. ಈಸಿಕೊಂಡವರು ಹಾಗೇ ಏಳದೆ, ತಮ್ಮದೊಂದು ಪದವನ್ನು ತಿರುಗಿ ಕೊಡಬೇಕು. ಮೇಳದ ಹಿರಿಯ ಸದಾಶಿವಯ್ಯನವರು ಹಾಕಿದ ಕಟ್ಟಳೆ. "ಗುರು ಕಿವೀಲಿ ಹೇಳಿದ್ದು ಬೀದೀಲಿ ಹೋಗ್ಬಾರ್ದು ಕಣ್ರಪ್ಪ," ಅನ್ನುತ್ತಿದ್ದರು.

ಆ ಸದಾಶಿವಯ್ಯನವರು ಶಿವನ ಪಾದ ಸೇರಿ ಇಂದಿಗೆ ಹನ್ನೊಂದು ದಿನ. ತೆಂಗಿನ ತೋಟದ ಮೂಲೆಯ ಸಮಾಧಿಯೊಳಗೆ ಅವರನ್ನು ಕೂರಿಸುವಾಗ, ಹೆಂಡತಿ ಕರಿಬಸಮ್ಮ ಜುಬ್ಬಾದ ಜೇಬಿನಲ್ಲಿ ಅವರ ಫೋನನ್ನೂ ಇಟ್ಟಿದ್ದಳು. ಹಾಡಿದ್ದೆಲ್ಲ ಅದರಲ್ಲಿದೆ, ಹಾಡಿದವರ ಜೊತೆಗೇ ಹೋಗಲಿ ಎಂದು. ವಿಭೂತಿ, ಬಿಲ್ವಪತ್ರೆ, ಮಣ್ಣು ಎಲ್ಲ ಬಿದ್ದ ಮೇಲೆ ನೆನಪಾಯಿತು: ಮಂಗಳದ ಪದ ಪೂರ್ತಿಯಾಗಿ ಆ ಫೋನಿನಲ್ಲಿ ಮಾತ್ರ ಇತ್ತು! ಮೊದಲೆರಡು ನುಡಿ ಎಲ್ಲರಿಗೂ ಬರುತ್ತಿತ್ತು. ಮೂರನೆಯದನ್ನು ಹಿರಿಯರೊಬ್ಬರೇ, ವರ್ಷಕ್ಕೊಮ್ಮೆ ಗುರುವಿನ ಆರಾಧನೆಯಲ್ಲಿ ಹಾಡುತ್ತಿದ್ದರು. ಈ ಸಲ ಮೇಳಕ್ಕೆ ಕೊಡ್ತೀನಿ ಎಂದೂ ಹೇಳಿದ್ದರು.

ಕುಣಿಗಲ್ ಕಡೆಯ ಮಠದಲ್ಲಿ ಆರಾಧನೆ ನಾಳೆಯೇ. ಮೂರನೆಯ ನುಡಿ ಸಿಗದಿದ್ದರೆ ಗುರುವಿನ ಪದ ಅಲ್ಲಿಗೆ ಕಡಿದುಹೋದಂತೆ, ಅದೂ ಕರಿಬಸಮ್ಮನ ಕೈಯಾರೆ. ಸಮಾಧಿ ಅಗೆಯುವ ಮಾತನ್ನು ಯಾರೂ ಆಡಲಿಲ್ಲ. ಯಾರೂ ಆಡಲಿಲ್ಲವೆಂದೇ ಅವಳು ಮುದ್ದೆಯ ತಟ್ಟೆಯನ್ನು ಹಾಗೇ ಸರಿಸಿಡುತ್ತಿದ್ದಳು.

ಹನ್ನೊಂದನೆಯ ದಿನದ ಪೂಜೆ ಮುಗಿದ ಮಧ್ಯಾಹ್ನ ಮೂವರು ಸಮಾಧಿಯ ಮುಂದೆ ಚಾಪೆ ಹಾಸಿ ಕೂತರು. ಕರಿಬಸಮ್ಮ, ಗುಬ್ಬಿಯಲ್ಲಿ ಮೇಷ್ಟ್ರಾಗಿದ್ದ ತಬಲದ ಬಸವಪ್ರಭು, ತುಮಕೂರಿನಲ್ಲಿ ಕೆಲಸದಲ್ಲಿದ್ದು ಮೇಳದಲ್ಲಿ ಹಾಡುತ್ತಿದ್ದ ಕಾವ್ಯ. ಇರುವ ಎರಡು ನುಡಿಯನ್ನಾದರೂ ಹಂಚೋಣವೆಂದು ಕಾವ್ಯ ಶೇರ್ ಒತ್ತಿದಳು. ಹತ್ತಿರದ ಫೋನುಗಳ ಹೆಸರು ಒಂದೊಂದಾಗಿ ಮೂಡಿದವು.

"ಮೇಷ್ಟ್ರೇ, ಎರಡು ಫೋನ್ ಇಟ್ಕೊಂಡಿದೀರಾ?"

"ಒಂದ್ನ ನೋಡ್ತಾ ಕೂತ್ರೇನೇ ಮನೇಲಿ ನನ್ನ ಹೆಂಡ್ತಿ ಸೌದೆ ಎತ್ಕೋತಾಳೆ, ಇನ್ನು ಎರಡಾ? ಯಾಕ್ಲೇ?"

"ಇಲ್ಲಿ ನಂದು ಬಿಟ್ಟು ಮೂರು ಹೆಸ್ರು ತೋರಿಸ್ತಾ ಇದೆ."

ಮೂರನೆಯದು, ಸದಾಶಿವಯ್ಯ ಚೇಳೂರು.

"ಹಳೇ ಹೆಸ್ರು ಉಳ್ಕೊಂಡಿರ್ತದೆ, ಬುಡು," ಎಂದು ಬಸವಪ್ರಭು ನಕ್ಕ. ನಗು ಅರ್ಧಕ್ಕೇ ನಿಂತಿತು. ಅವರಿದ್ದಾಗಲೇ ಸಂಜೆಗೆಲ್ಲ ಚಾರ್ಜು ಮುಗಿದು ಬೀಳುತ್ತಿದ್ದ ಫೋನು ಅದು.

ಆಗ ಕರಿಬಸಮ್ಮನ ಮಡಿಲಲ್ಲಿದ್ದ ಫೋನು ನಡುಗಿತು. ಸದಾಶಿವಯ್ಯ ಚೇಳೂರು ಒಂದು ಫೈಲ್ ಕಳಿಸುತ್ತಿದ್ದಾರೆ, ಸ್ವೀಕರಿಸುವಿರಾ ಎಂದು ಕೇಳುತ್ತಿತ್ತು.

"ಮುಟ್ಬೇಡಿ ಕಣಮ್ಮಾ!" ಕಾವ್ಯ ಕೂಗಿದಳು.

"ಎದುರಿಗೆ ಕೂತು ಕೊಡ್ತಾವ್ರೆ. ಬ್ಯಾಡ ಅನ್ನಕ್ಕಾಯ್ತದಾ?" ಕರಿಬಸಮ್ಮ ಮುಂದಕ್ಕೆ ಸರಿದು, ಸಮಾಧಿಯ ಹಸಿಮಣ್ಣಿಗೆ ಮೊಣಕಾಲು ತಾಗಿಸಿ ಕೂತಳು. ಶರಣು ಎಂದು ಒತ್ತಿದಳು.

ಫೋನಿನ ಪರದೆಯ ಮೇಲೆ ಗೆರೆ ತುಂಬುತ್ತಾ ಬಂತು. ರಾಗಿಕಾಳಿನಷ್ಟು ಉಳಿದಾಗ ನಿಂತುಬಿಟ್ಟಿತು. ತೋಟದಲ್ಲಿ ಒಂದು ಗರಿಯೂ ಅಲುಗಲಿಲ್ಲ.

"ತಿರುಗಿ ಕೊಡ್ಬೇಕಲ್ವಾ," ಬಸವಪ್ರಭು ಪಿಸುಗುಟ್ಟಿದ. "ನಿಮ್ಮತ್ರ ಏನೈತೆ?"

ಅವಳಲ್ಲಿ ಇದ್ದದ್ದು ಒಂದೇ. ರಾಗಿ ಕೇರುವಾಗ ತಾನು ಗುನುಗುತ್ತಿದ್ದ ತವರಿನ ಧಾಟಿ. ತಾಯಿಯ ಬಾಯಿಂದ ಬಂದದ್ದು. ಗಂಡ ಬಾಗಿಲ ಹಿಂದೆ ನಿಂತು ಅದನ್ನು ಫೋನಿನಲ್ಲಿ ಕದ್ದು ಹಿಡಿದು, ಆಮೇಲೆ ಎದುರು ಕೂರಿಸಿಕೊಂಡು ಅವಳ ಫೋನಿಗೆ ಕೊಟ್ಟಿದ್ದರು. ನಾಚಿಕೆಯಿಂದ ಯಾರಿಗೂ ಕೇಳಿಸಿರಲಿಲ್ಲ. ಈಗ ಅದನ್ನೇ ಆರಿಸಿ, ಅವರ ಹೆಸರಿನ ಮೇಲೆ ಬೆರಳಿಟ್ಟಳು.

ಎರಡು ಗೆರೆಗಳೂ ಒಟ್ಟಿಗೇ ತುಂಬಿದವು. ಪಟ್ಟಿಯಿಂದ ಆ ಹೆಸರು ಅಳಿಸಿಹೋಯಿತು.

ಬಂದದ್ದನ್ನು ಹಾಕಿದರೆ, ಸದಾಶಿವಯ್ಯನವರ ದನಿ! ಒಂದನೆಯ ನುಡಿ, ಎರಡನೆಯದು, ಮೂರನೆಯದು. ಕಾವ್ಯ ಬರೆದುಕೊಂಡಳು. ಕೊನೆಯ ಸಾಲಿನ ಅಡಿಯಲ್ಲಿ ಒಂದು ಹೆಣ್ಣುದನಿ ಗುನುಗುತ್ತಿತ್ತು, ಮೊರದ ಸದ್ದಿನ ಜೊತೆಗೆ. ದನಿ ಕರಿಬಸಮ್ಮನದೇ; ಆದರೆ ಅವಳು ಗಂಡನೊಡನೆ ಎಂದೂ ಹಾಡಿದವಳಲ್ಲ.

ಮರುದಿನ ಮಠದಲ್ಲಿ ಮಂಗಳ ಪೂರ್ತಿ ಹಾಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಾವ್ಯ ಮೊಣಕಾಲು ತಾಗಿಸಿ ಕೇಳಿದಳು: "ಅಮ್ಮಾ, ನಿನ್ನೆ ಅವ್ರಿಗೆ ಕೊಟ್ರಲ್ಲ, ಆ ಗುನುಗು ನಂಗೂ ಕೊಡಿ."

ಕರಿಬಸಮ್ಮ ಹುಡುಕಿದಳು. ಇರಲಿಲ್ಲ.

"ಕೊಟ್ರೂ ನಮ್ಮತ್ರ ಒಂದು ಉಳ್ದಿರುತ್ತೆ ಅಮ್ಮಾ, ಎಲ್ಲೋಗುತ್ತೆ? ಹೋಗ್ಲಿ, ಬಾಯಲ್ಲೇ ಹೇಳ್ಕೊಡಿ."

ಕರಿಬಸಮ್ಮ ಬಾಯಿ ತೆರೆದಳು. ತಾಯಿಯ ಮುಖ ಬಂತು, ರಾಗಿಹೊಟ್ಟಿನ ವಾಸನೆ ಬಂತು. ಧಾಟಿ ಬರಲಿಲ್ಲ. ಕಿಟಕಿಯಾಚೆ ಒಂದು ಕೆರೆ ಹಾದುಹೋಯಿತು.

"ಅವ್ರಿಗೆ ಕೊಟ್ಬುಟ್ಟೆ ಕಣವ್ವಾ," ಎಂದಳು ಮೆಲ್ಲಗೆ. ದನಿಯಲ್ಲಿ ದುಃಖವಿರಲಿಲ್ಲ.

ಆದರೆ ಚೇಳೂರು ಮುಟ್ಟುವವರೆಗೂ ಅವಳ ಬೆರಳು ಮೊಣಕಾಲ ಮೇಲೆ ಮೊರದ ತಾಳ ಹಾಕುತ್ತಲೇ ಇತ್ತು, ಎಲ್ಲೋ ಯಾರೋ ಹಾಡುತ್ತಿರುವುದಕ್ಕೆ ಎಂಬಂತೆ.