ಕಳಿಸದ ಫೋಟೊಗಳು

ಮಗ ಕಾಂತೇಶನ ಎರಡನೆಯ ಏಟಿಗೆ ಇಂದುಬಾಯಿಯ ತುಟಿ ಒಡೆಯಿತು. ಮೊದಲನೆಯದು ಕಿವಿಯ ಮೇಲೆ ಬಿದ್ದಿತ್ತು. ಅಲ್ಲಿನ್ನೂ ಗುಂಯ್ ಎನ್ನುವ ಸದ್ದು ನಿಂತಿರಲಿಲ್ಲ. ಆಕೆ ಬೆನ್ನನ್ನು ಜೋಳದ ಡಬ್ಬಿಗೆ ಒತ್ತಿ ನಿಂತಳು. ಎದೆಮಟ್ಟದ ಆ ತಗಡಿನ ಡಬ್ಬಿಯೊಳಗೆ, ಜೋಳದಲ್ಲಿ ಮೊಣಕೈ ಆಳಕ್ಕೆ, ಫೋನು ಹೂತಿತ್ತು.

"ಎಲ್ಲಿಟ್ಟಿ, ಹೇಳ್ತಿಯೋ ಇಲ್ಲೋ?"

"ಯಾವ ಫೋನಪಾ?"

"ಈಗರೆ ನೋಡಾಕತ್ತಿದ್ದಿ. ನಾ ಹಿಂದ ನಿಂತಿದ್ದೆ. ಅದರಾಗ ರೂಪಾಲಿ ಫೋಟೊ ಇತ್ತು."

"ಹಳೀ ಫೋಟೊ ಅದು. ಸಾಲಿಗಿ ಹೋಗೂ ಮುಂದಿಂದು."

"ಸಾಲಿಗಿ ಹೋಗೂ ಮುಂದ ಕೊಳ್ಳಾಗ ತಾಳಿ ಇತ್ತೇನು?"

ಮೂರನೆಯ ಬಾರಿ ಅವನು ಹೊಡೆಯಲಿಲ್ಲ. ತಾಯಿಯ ರಟ್ಟೆ ಹಿಡಿದು ಬದಿಗೆ ಎಳೆದೊಗೆದ. ಆಕೆಯ ತಲೆ ಬೀಸುಕಲ್ಲಿಗೆ ಬಡಿಯಿತು. ಅವನು ಡಬ್ಬಿಯೊಳಗೆ ಎರಡೂ ಕೈ ತುರುಕಿ ತಡಕಾಡಿದ. ಜೋಳ ನೆಲದ ತುಂಬ ಚೆಲ್ಲಿತು. ಫೋನು ಸಿಕ್ಕಾಗ ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕಂಡದ್ದು ಅವಮಾನ. ಹನ್ನೊಂದು ತಿಂಗಳಿಂದ ಅವನು ಸೋಲಾಪುರದ ಓಣಿ ಓಣಿ ಹುಡುಕಿದ್ದ. ತಂಗಿ ತನ್ನ ಮನೆಯ ಜೋಳದ ಡಬ್ಬಿಯಲ್ಲೇ ಇದ್ದಳು.

ರೂಪಾಲಿ ಮನೆ ಬಿಟ್ಟು ಹೋದದ್ದು ಬೋರಾಮಣಿಯ ಸುಮಿತನೊಂದಿಗೆ. ಅವನು ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರಖಾನೆಯಲ್ಲಿ ಟವೆಲ್ ನೇಯುವ ಮಗ್ಗ ನಡೆಸುತ್ತಿದ್ದ. ದಲಿತ ಬೌದ್ಧರ ಹುಡುಗ. ಅಕ್ಕಲಕೋಟದ ಈ ಮಗ್ಗುಲಿಗೆ ಇಪ್ಪತ್ತೆಕರೆ ಕಬ್ಬಿನ ಹೊಲವಿದ್ದ ಆಕೆಯ ಅಪ್ಪ ಭೀಮಶಾನ ಮನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳುವಂತೆಯೂ ಇರಲಿಲ್ಲ. ಹೋಗುವಾಗ ರೂಪಾಲಿ, ತನ್ನನ್ನು ಯಾರೂ ಹುಡುಕಬಾರದೆಂದು, ಫೋನನ್ನು ದೇವರ ಮಾಡದಲ್ಲಿಟ್ಟು ಹೋಗಿದ್ದಳು. ಊರಿನ ಒಬ್ಬ ಗೆಳತಿಗೂ ಸುಳಿವು ಕೊಡಲಿಲ್ಲ. ಫೇಸ್‌ಬುಕ್ ಮುಚ್ಚಿದಳು, ಬಾಡಿಗೆ ಖೋಲಿಯ ಓಣಿಯಲ್ಲಿ ತನ್ನ ಹೆಸರು ಕವಿತಾ ಎಂದಳು. ಎರಡು ತಿಂಗಳ ಮೇಲೆ ಹೊಸ ಫೋನು, ಹೊಸ ಸಿಮ್ಮು ಬಂತು. ಆದರೆ ಕೆಲಸಕ್ಕೆ ಕೇಳುವ ಮಾರ್ಕ್ಸ್‌ಕಾರ್ಡು, ಆಧಾರ್ ಕಾರ್ಡು ಎಲ್ಲದರ ಫೋಟೊ ಹಳೆಯ ಗೂಗಲ್ ಖಾತೆಯಲ್ಲಿದ್ದವು. ಅವನ್ನು ತೆಗೆಯಲೆಂದು ಅದೇ ಖಾತೆಯನ್ನು ಹೊಸ ಫೋನಿಗೂ ಹಾಕಿಕೊಂಡಳು. ಅಂದಿನಿಂದ ಆಕೆ ಅಲ್ಲಿ ತೆಗೆದ ಫೋಟೊ ಇಲ್ಲಿನ ಫೋನಿಗೂ ಬಂದು ಬೀಳತೊಡಗಿತು. ಇದು ಆಕೆಗೆ ಗೊತ್ತಿರಲಿಲ್ಲ.

ಕಾಂತೇಶ ಆ ಫೋನನ್ನು ಮೊದಲ ವಾರವೇ ಜಾಲಾಡಿ, ಏನೂ ಸಿಗದೆ, "ಭಜನಿ ಕೇಳ್ಕೋ" ಎಂದು ತಾಯಿಯ ಮುಂದೆ ಎಸೆದಿದ್ದ. ಮನೆಯ ವೈಫೈಗೆ ಅದು ಹೇಗೋ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಇಂದುಬಾಯಿ ಭಜನೆ ಹುಡುಕುತ್ತ ಎಲ್ಲೋ ಬೆರಳು ತಾಗಿಸಿದಾಗ ಒಂದು ನಲ್ಲಿಯ ಫೋಟೊ ತೆರೆಯಿತು. ನಲ್ಲಿಯ ಕೆಳಗೆ ನೀಲಿ ಕೊಡ, ಕೊಡದ ಮೇಲೆ ಮಗಳ ಕೈ. ಅಂಗೈ ಅಂಚಿನ ಸುಟ್ಟ ಕಲೆಯಿಂದ ಗುರುತು ಸಿಕ್ಕಿತು. ಆಕೆಗೆ ಅನ್ನಿಸಿದ್ದು ಒಂದೇ: ಮಗಳು ತನಗೆ ಕಳಿಸಿದ್ದಾಳೆ. ನೀರು ಬಾಗಿಲಿಗೇ ಬರುತ್ತದೆ, ಚಿಂತೆ ಮಾಡಬೇಡ ಎನ್ನುತ್ತಿದ್ದಾಳೆ. ಇಲ್ಲವಾದರೆ ನಲ್ಲಿಯ ಫೋಟೊ ಯಾರು ಯಾಕೆ ತೆಗೆಯುತ್ತಾರೆ?

ಆಮೇಲೆ ಬಂದವು: ಅಂಚು ಹೊಲಿದ ಟವೆಲ್ಲುಗಳ ಅಟ್ಟಿ, ಸ್ಟೋವಿನ ಮೇಲೆ ಉಬ್ಬಿದ ರೊಟ್ಟಿ, ಗೋಡೆಗೆ ಒರಗಿ ನಿದ್ದೆ ಹೋದ ಸುಮಿತ. ಒಂದರಲ್ಲಿ ರೂಪಾಲಿಯೇ ಇದ್ದಳು, ಹಸಿರು ಪಂಜಾಬಿ ಡ್ರೆಸ್ಸಿನಲ್ಲಿ, ಹಿಟ್ಟಿನ ಗಿರಣಿಯೊಂದರ ಗೋಡೆಯ ಮುಂದೆ ನಗುತ್ತ. ಗೋಡೆಯ ಮೇಲೆ ಗಿರಣಿಯವನ ಫೋನ್ ನಂಬರು ಬರೆದಿತ್ತು. ಇಂದುಬಾಯಿ ಕಲಿತದ್ದು ಮೂರನೆಯ ಇಯತ್ತೆ. ಅಂಕಿ ಮಾತ್ರ ಚೆನ್ನಾಗಿ ಬರುತ್ತಿದ್ದವು. ದಿನಾ ಆ ಫೋಟೊ ನೋಡಿ ನೋಡಿ ಹತ್ತೂ ಅಂಕಿ ಬಾಯಿಪಾಠವಾಗಿದ್ದವು. ಹಚ್ಚಿ ಮಾತಾಡುವ ಧೈರ್ಯ ಮಾತ್ರ ಎಂದೂ ಆಗಿರಲಿಲ್ಲ.

ಈಗ ಕಾಂತೇಶ ಅದೇ ಫೋಟೊವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದ. ಕೆಳಗೆ ನಕಾಶೆ ತೆರೆಯಿತು. ರಸ್ತೆ, ಕಾರಖಾನೆಗಳು, ಓಣಿ, ಓಣಿಯ ತುದಿಗೆ ಒಂದು ಚುಕ್ಕೆ.

"ದಿನಾ ಇದಽ ರಸ್ತೇದ ಮ್ಯಾಲ ಅಡ್ಡಾಡೀನಿ," ಎಂದ ತನ್ನಷ್ಟಕ್ಕೇ. ಆಮೇಲೆ ದೊಡ್ಡಪ್ಪನ ಮಗ ಸಿದ್ರಾಮನಿಗೆ ಫೋನು ಹಚ್ಚಿದ. "ಸಿಕ್ಕಳು. ಜೀಪ್ ತಗೊಂಡು ಬಾ."

ಇಂದುಬಾಯಿ ಅವನ ಕಾಲು ಹಿಡಿದಳು. ಅವನು ಒದ್ದು ಕಾಲು ಬಿಡಿಸಿಕೊಂಡ. ದನದ ಕೊಟ್ಟಿಗೆಯಿಂದ ಕಬ್ಬು ಕಡಿಯುವ ಕೊಯ್ತಾ ತಂದು ಗೋಣಿತಟ್ಟಿನಲ್ಲಿ ಸುತ್ತಿದ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಹೊರಗೆ ಕಟ್ಟೆಯ ಮೇಲೆ ಭೀಮಶಾ ಕೂತಿದ್ದ. ಒಳಗೆ ಆದದ್ದೆಲ್ಲ ಅವನಿಗೆ ಕೇಳಿಸಿತ್ತು. ಜೀಪು ಬಂದು ನಿಂತದ್ದು, ಗಂಡ ತಂಬಾಕು ಉಗುಳಿದ್ದು, ಅನಂತರ ಅವನ ಮಾತು ಇಂದುಬಾಯಿಗೂ ಕೇಳಿಸಿತು.

"ಗಾಡಿ ಸಾವಕಾಶ ಹೊಡೀರಿ. ರಸ್ತೆ ಛಲೋ ಇಲ್ಲ."

ಆಕೆ ಬಾಗಿಲು ಬಡಿದಳು. "ಏನ್ರೀ, ಚಿಲಕ ತಗೀರಿ. ನಿಮ್ಮ ಹೊಟ್ಟಿ ಮಗಳು ಆಕಿ."

"ಸುಮ್ಮ ಕುಂದ್ರು," ಎಂದ ಭೀಮಶಾ.

ಮೂಲೆಯಲ್ಲಿ ತೊಗರಿಯ ಚೀಲಗಳು ಮಾಳಿಗೆಯ ಜಂತಿಯವರೆಗೆ ಒಟ್ಟಿದ್ದವು. ಅವುಗಳ ಮೇಲೆ ಬೆಳಕಿಂಡಿ. ಇಂದುಬಾಯಿಗೆ ಐವತ್ತೆರಡು ವರ್ಷ, ಮೊಣಕಾಲು ಬಾವು. ಚೀಲದ ಮೇಲೆ ಚೀಲ ಹತ್ತಿ, ಬೆಳಕಿಂಡಿಯ ತಗಡು ತಲೆಯಿಂದಲೇ ಎತ್ತಿ, ಅಂಚಿಗೆ ಎದೆ ತರಚಿಕೊಂಡು ಮೇಲೆ ಬಂದಳು. ಬಿಸಿಲಿಗೆ ಕಾದ ಮಾಳಿಗೆಯ ಮಣ್ಣು ಬರಿಗಾಲು ಸುಟ್ಟಿತು. ಪಕ್ಕದ ಮಾಳಿಗೆಗೆ ದಾಟಿ, ಸಾವಿತ್ರಿಬಾಯಿಯ ಅಂಗಳಕ್ಕೆ ಮೆಟ್ಟಿಲಿಳಿದಳು. ಶೇಂಗಾ ಸುಲಿಯುತ್ತ ಕೂತಿದ್ದ ಸಾವಿತ್ರಿಬಾಯಿ ರಕ್ತ ಕಂಡು ಎದ್ದು ನಿಂತಳು.

"ಯವ್ವಾ, ಏನಾತಽ?"

"ಫೋನ್ ಕೊಡು. ಏನೂ ಕೇಳಬ್ಯಾಡ."

ಹತ್ತು ಅಂಕಿ ಒತ್ತಿದಳು. ಆ ಕಡೆ ಗಿರಣಿಯ ಪಟ್ಟಿ ತಿರುಗುವ ಸದ್ದು. "ಹಾಂ, ಬೋಲಾ. ಕೋಣ?" ಯಾರು ಎಂದು ಮರಾಠಿಯಲ್ಲಿ ಕೇಳಿತು ಒಂದು ಗಂಡು ದನಿ.

"ಗಿರಣಿಯವರಾ? ನಿಮ್ಮ ಗ್ವಾಡಿ ಮುಂದ ಒಂದು ಹುಡುಗಿ ಫೋಟೊ ತಕ್ಕೊಂಡಾಳ್ರೀ. ಹಸರ ಡ್ರೆಸ್ಸು. ಎಡಗಲ್ಲದ ಮ್ಯಾಲ ಮಚ್ಚಿ ಐತಿ."

ಸದ್ದು ನಿಂತಿತು. ಅವನು ಮೋಟರು ಬಂದ್ ಮಾಡಿರಬೇಕು. ಈಗ ಕನ್ನಡದಲ್ಲಿ, ಬಿಗಿದ ದನಿಯಲ್ಲಿ ಹೇಳಿದ: "ಅಂಥಾಕಿ ಇಲ್ಲಿ ಯಾರೂ ಇಲ್ಲ."

"ಛಲೋ ಆತು. ಇಲ್ಲ ಅಂತನ ಅನ್ರಿ. ನನಗೂ ಹೇಳಬ್ಯಾಡ್ರಿ. ಆದ್ರ ಓಡಿ ಹೋಗಿ ಆಕಿಗಿ ಹೇಳ್ರಿ, ಅಣ್ಣ ಕೊಯ್ತಾ ತಗೊಂಡು ಹೊಂಟಾನ. ತಾಸಿನ್ಯಾಗ ಬರ್ತಾನ. ನಾ ಅವರವ್ವ ಹೇಳಾಕತ್ತೀನಿ."

ಗಿರಣಿಯ ಮಲ್ಲಯ್ಯನಿಗೆ ಆ ಕರೆ ಮೋಸವಿದ್ದರೂ ಇರಬಹುದು ಅನ್ನಿಸಿತು. ಓಣಿಗೆ ಬಂದ ವಾರದಲ್ಲೇ ಆ ಹುಡುಗಿ, ಯಾರಾದರೂ ಕೇಳಿದರೆ ನಾನಿಲ್ಲ ಅನ್ನಿ ಮಾಮಾ ಎಂದು ಕೈಮುಗಿದಿದ್ದಳು. ಅವನು ಸ್ವಲ್ಪ ಹೊತ್ತು ಹಿಟ್ಟಿನ ಕೈಯಲ್ಲೇ ನಿಂತ. ಕಡೆಗೆ ಆಕೆಯ ಖೋಲಿಗೆ ಹೋಗಿ ಹೇಳಿದ.

ರೂಪಾಲಿ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಿದಳು. "ನಮ್ಮವ್ವಗ ನಿಮ್ಮ ನಂಬರ್ ಹ್ಯಾಂಗ ಗೊತ್ತಾತು?"

"ಅದು ಆಮ್ಯಾಗ. ಮೊದಲ ನಡಿ."

ಇಬ್ಬರೂ ಗಿರಣಿ ಹೊಕ್ಕು ಷಟರು ಒಳಗಿನಿಂದ ಇಳಿಸಿದರು. ಪೊಲೀಸರಿಗೆ ಮಲ್ಲಯ್ಯ ಎರಡು ಸಲ ಫೋನು ಮಾಡಿದ. ಗಾಡಿ ಬರುತ್ತದೆ ಎಂದರು. ಸುಮಿತನಿಗೆ ರೂಪಾಲಿ ಹದಿನೆಂಟು ಸಲ ಮಾಡಿದಳು. ಕಾರಖಾನೆಯಲ್ಲಿ ಫೋನುಗಳನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಿದ್ದರು. ಪಾಳಿ ಬಿಡುವುದು ನಾಲ್ಕಕ್ಕೆ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಜೀಪು ಓಣಿ ಹೊಕ್ಕಿತು. ಕಾಂತೇಶ ಫೋನಿನ ಫೋಟೊ ತೋರಿಸಿ ಕೇಳಿದ. ಯಾರೋ ಖೋಲಿಯ ಕಡೆ ಕೈ ಮಾಡಿದರು. ಬಾಗಿಲು ಒದ್ದು ಮುರಿದರು. ಹೊಲಿಗೆ ಮಷಿನ್ನು, ಕೊಡ, ಟವೆಲ್ಲಿನ ಅಟ್ಟಿ ಒಂದೊಂದೇ ಓಣಿಗೆ ಬಂದು ಬಿದ್ದವು. ಷಟರಿನ ಕೆಳಗಿನ ಬೆರಳಗಲದ ಸಂದಿಗೆ ಕಣ್ಣಿಟ್ಟು ರೂಪಾಲಿ ನೆಲದ ಮೇಲೆ ಮಲಗಿದ್ದಳು. ಆಕೆಗೆ ಕಂಡದ್ದು ಕಾಲುಗಳು ಮಾತ್ರ. ಆಮೇಲೆ ಮೂಲೆಯಿಂದ ಇನ್ನೆರಡು ಕಾಲು ಓಡಿಬಂದವು. ಹಳದಿ ಪಟ್ಟಿಯ ಚಪ್ಪಲಿ, ನೂಲಿನ ಧೂಳು.

"ಸುಮಿತಾ, ಬರಬ್ಯಾಡಾ!" ಎಂದು ಚೀರಿದಳು. ಮಲ್ಲಯ್ಯ ಆಕೆಯ ಬಾಯಿ ಒತ್ತಿ ಹಿಡಿದ.

ಕಾಂತೇಶ ಕೊಯ್ತಾ ಎತ್ತಿದ. ಮೊದಲ ಹೊಡೆತ ಹೆಗಲಿಗೆ ಇಳಿಯಿತು. ಎರಡನೆಯದಕ್ಕೆ ಸುಮಿತ ಎಡಗೈ ಅಡ್ಡ ಹಿಡಿದ. ಮೂರು ಬೆರಳು ತುಂಡಾಗಿ ಟವೆಲ್ಲುಗಳ ಮೇಲೆ ಬಿದ್ದವು. ಅವನು ತನ್ನ ಕೈಯನ್ನು ಯಾರದೋ ಕೈ ನೋಡುವ ಹಾಗೆ ನೋಡಿ ಮೊಣಕಾಲೂರಿದ.

ರೂಪಾಲಿ ಮಲ್ಲಯ್ಯನನ್ನು ಹೇಗೆ ನೂಕಿದಳೋ, ಷಟರು ಹೇಗೆ ಎತ್ತಿದಳೋ ಆಮೇಲೆ ಆಕೆಗೇ ನೆನಪಿರಲಿಲ್ಲ. ತಕ್ಕಡಿಯ ಮೇಲಿನ ಐದು ಕಿಲೋದ ಕಬ್ಬಿಣದ ಕಲ್ಲು ಕೈಯಲ್ಲಿತ್ತು. ಮೂರನೆಯ ಸಲ ಮೇಲೆದ್ದಿದ್ದ ಅಣ್ಣನ ಮೊಣಕೈಗೆ ಎರಡೂ ಕೈ ಕೂಡಿಸಿ ಬೀಸಿದಳು. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ಕೊಯ್ತಾ ಬಿತ್ತು. ಸಿದ್ರಾಮ ಕೈಯಲ್ಲಿದ್ದ ಪೈಪಿನಿಂದ ಆಕೆಯ ಬೆನ್ನಿಗೆ ಹೊಡೆದ. ಆಕೆ ಸುಮಿತನ ಮೇಲೆ ಕವಿದು ಬಿದ್ದಳು, ಏಳಲಿಲ್ಲ. ಅವನು ಮತ್ತೆ ಮತ್ತೆ ಹೊಡೆಯುತ್ತಿದ್ದಾಗ ಪಾಳಿ ಬಿಟ್ಟ ಮಂದಿ ಓಣಿಗೆ ನುಗ್ಗಿತು. ಅವರ ಕೈಗೆ ಸಿಕ್ಕ ಇಬ್ಬರನ್ನೂ ಪೊಲೀಸರು ಬಿಡಿಸಿಕೊಳ್ಳುವ ಹೊತ್ತಿಗೆ ಸಿದ್ರಾಮನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು.

ಮಲ್ಲಯ್ಯ ಸಾವಿತ್ರಿಬಾಯಿಯ ಫೋನಿಗೆ ಸುದ್ದಿ ಮುಟ್ಟಿಸಿದ ಮೇಲೆ ಇಂದುಬಾಯಿ ಸಂಜೆಯ ಬಸ್ಸಿಗೆ ಸೋಲಾಪುರಕ್ಕೆ ಬಂದಳು, ಸಾವಿತ್ರಿಬಾಯಿಯ ಚಪ್ಪಲಿ ಮೆಟ್ಟಿಕೊಂಡು. ದವಾಖಾನೆಯ ಪಡಸಾಲೆಯಲ್ಲಿ ಸುಮಿತನ ತಾಯಿ ಭಾಗಾಬಾಯಿ ಕೂತಿದ್ದಳು. ಇಬ್ಬರೂ ಎಂದೂ ಭೇಟಿಯಾದವರಲ್ಲ. ಆದರೂ ಒಡೆದ ತುಟಿ ನೋಡಿದ ಕೂಡಲೇ ಈಕೆ ಯಾರೆಂದು ಭಾಗಾಬಾಯಿಗೆ ಗೊತ್ತಾಯಿತು.

"ಈಗ ಏನ್ ನೋಡಾಕ ಬಂದಿ?" ಎಂದಳು. "ಉಳಿದ ಎರಡು ಬೆರಳ ಎಣಸಾಕೇನು?"

ಬೆಂಚಿನ ಮೇಲೆ ಜಾಗವಿತ್ತು. ಇಂದುಬಾಯಿ ನೆಲದ ಮೇಲೆ ಕೂತಳು.

ಮರುದಿನ ಮಹಿಳಾ ಕಾನ್‌ಸ್ಟೇಬಲ್ ಬಂದು ಜಬಾಬು ಬರೆದುಕೊಂಡಳು. ಅಕ್ಕಲಕೋಟದವಳೇ, ಕನ್ನಡ ಬರುತ್ತಿತ್ತು. "ಮಾವಶಿ, ನಿಮ್ಮ ತುಟಿಗಿ ಏನಾತು? ಬಿದ್ರೇನು?"

ಬಿದ್ದೆ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಭೀಮಶಾ ಬೆಳಿಗ್ಗೆ ದವಾಖಾನೆಗೆ ಬಂದಿದ್ದ ಸಾವಿತ್ರಿಬಾಯಿಯ ಕೈಯಿಂದ ಹಾಗೇ ಹೇಳಿಕಳಿಸಿದ್ದ.

"ನನ್ನ ಮಗ ಹೊಡದ," ಎಂದಳು ಇಂದುಬಾಯಿ. "ಕೊಯ್ತಾ ತಗೊಂಡು ಹೋದದ್ದು ನಾ ಕಣ್ಣಾರೆ ನೋಡೀನಿ. ನನ್ನ ಗಂಡ ಚಿಲಕ ತಗೀಲಿಲ್ಲ. ಎಲ್ಲಾ ಬರೀ." ಎಲ್ಲವನ್ನೂ ಬರೆದಾದ ಮೇಲೆ ಸಹಿ ಮಾಡಿದಳು. ಸಹಿಗೆ ಬಹಳ ಹೊತ್ತು ಹಿಡಿಯಿತು.

ಅನಂತರ ಆ ಕಾನ್‌ಸ್ಟೇಬಲ್ ರೂಪಾಲಿಯ ಹಾಸಿಗೆಯ ಬದಿಗೆ ಕೂತು ಫೋನಿನ ಸಂಗತಿ ಬಿಡಿಸಿ ಹೇಳಿದಳು. ಎರಡು ಫೋನು, ಒಂದೇ ಖಾತೆ. ಇಲ್ಲಿ ತೆಗೆದದ್ದು ಅಲ್ಲಿ, ತೆಗೆದ ಜಾಗದ ಸಮೇತ. "ಆ ಖಾತೆ ಬಂದ್ ಮಾಡು. ಹೊಸಾದು ತಗಿ. ಜಾಗಾ ತೋರಸೂದು ಆಫ್ ಮಾಡು."

ಆಕೆ ಹೋದ ಮೇಲೆ ರೂಪಾಲಿ ತಾಯಿಯ ಕಡೆ ತಿರುಗಿದಳು.

"ನೀ ಎಷ್ಟು ದಿನದಿಂದ ನೋಡಾಕತ್ತಿದ್ದಿ?"

"ಒಂಬತ್ತು ತಿಂಗಳಾತು. ನಲ್ಲಿ ಕಳಿಸಿದ್ಯಲ್ಲ, ಅವತ್ತಿನಿಂದ."

"ನಾ ಕಳಿಸಿದ್ನ್ಯಾ?"

"ಮತ್ತ? ನನಗ ಗೊತ್ತಾಗ್ಲಿ ಅಂತ ನೀನ ಕಳಸ್ತಿದ್ದಿ. ರೊಟ್ಟಿ ಉಬ್ಬಿದ್ದು ಸೈತ ಕಳಿಸಿದಿ."

ರೂಪಾಲಿ ಗೋಡೆ ನೋಡಿದಳು. ಬೆನ್ನಿನ ನೋವಿಗೆ ಉಸಿರು ತುಂಡಾಗಿ ಬರುತ್ತಿತ್ತು. ಹ್ಞೂಂ ಅಂದುಬಿಟ್ಟರೆ ತಾಯಿಗೆ ಅದೊಂದಾದರೂ ಉಳಿಯುತ್ತಿತ್ತು. ಒಳಗಿನ ವಾರ್ಡಿನಿಂದ ಸುಮಿತ ನರಳುವುದು ಕೇಳಿಸಿತು.

"ನಾ ಒಂದೂ ಕಳಿಸಿಲ್ಲವ್ವಾ," ಎಂದಳು. "ಯಾರಿಗೂ ಕಳಿಸಿಲ್ಲ. ನಿನಗೂ ಸೈತ."

ಇಂದುಬಾಯಿ ತಲೆಯಾಡಿಸಿದಳು. ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಎದ್ದು ಮಗಳ ನೀರಿನ ಬಾಟಲಿ ತುಂಬಿಸಿಕೊಂಡು ಬರಲು ಹೋದಳು.

ಸುಮಿತನನ್ನು ದವಾಖಾನೆಯಿಂದ ಬಿಟ್ಟದ್ದು ಇಪ್ಪತ್ತಾರು ದಿನದ ಮೇಲೆ. ಕಾಂತೇಶ, ಸಿದ್ರಾಮ ಜೇಲಿನಲ್ಲಿದ್ದರು. ಆದರೆ ಅಣ್ಣತಮ್ಮಂದಿರ ಬಳಗ ದೊಡ್ಡದಿತ್ತು, ಮತ್ತು ಜಾಮೀನು ಎಂಬುದೊಂದು ಇತ್ತು. ಭೀಮಶಾ ಒಮ್ಮೆಯೂ ಬರಲಿಲ್ಲ. ಇಂದುಬಾಯಿ ತಂಗಿಯ ಮನೆಗೆ, ಹೋಟಗಿಗೆ, ಹೋಗುವುದೆಂದಾಯಿತು. ರೂಪಾಲಿ ಸುಮಿತ ಎಲ್ಲಿಗೆ ಹೋಗುತ್ತಾರೆಂಬುದನ್ನು ಭಾಗಾಬಾಯಿಗೂ ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಬಿಸಿಲು. ಸುಮಿತ ಕಂಬಕ್ಕೊರಗಿ ನಿಂತಿದ್ದ, ಪಟ್ಟಿ ಕಟ್ಟಿದ ಕೈ ಎದೆಗೆ ಹಿಡಿದು. ಅವನ ಕಾಲ ಬಳಿ ಎರಡು ಚೀಲ. ಇಂದುಬಾಯಿ ಅವನ ಮುಂದೆ ಬಂದು ನಿಂತಳು. ಅವನ ಹೆಗಲ ಮೇಲಿನ ನೂಲಿನ ಎಳೆಯೊಂದನ್ನು ತೆಗೆದಳು.

"ನಿಮ್ಮ ಬಸ್ಸು ಎಷ್ಟಕ್ಕೈತಿ?" ಎಂದಳು ಮಗಳಿಗೆ.

"ನಿನ್ನ ಬಸ್ಸು ಮೊದಲ ಹೋಗ್ಲಿ."

ಇಂದುಬಾಯಿ ಒಂದು ಕ್ಷಣ ಮಗಳ ಮುಖ ನೋಡಿದಳು. ಆಮೇಲೆ ಬಸ್ಸು ಹತ್ತಿದಳು.

ಆಕೆಗೆ ಸಿಕ್ಕ ಜಾಗ ಕಿಟಕಿಯ ಪಕ್ಕದ್ದು. ಅಲ್ಲಿಂದ ಸ್ಟ್ಯಾಂಡಿನ ಎಲ್ಲ ಪ್ಲಾಟ್‌ಫಾರ್ಮುಗಳೂ ಕಾಣುತ್ತಿದ್ದವು. ಬಸ್ಸುಗಳು ಸಾಲಾಗಿ ಊರ ಹೆಸರಿನ ಪಾಟಿ ತೂಗಿಕೊಂಡು ನಿಂತಿದ್ದವು. ಕಂಡಕ್ಟರ್ ಗಂಟೆ ಹೊಡೆದ. ಕೆಳಗೆ ರೂಪಾಲಿ ಬಸ್ಸುಗಳ ಸಾಲಿನ ಕಡೆ ಹೊರಳಿ ಚೀಲ ಹೆಗಲಿಗೇರಿಸುತ್ತಿದ್ದಳು. ಇಂದುಬಾಯಿ ಎದ್ದು, ಬಸ್ಸಿನ ಆಚೆ ಬದಿಯಲ್ಲಿ ಮೆಂತ್ಯದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳಿಗೆ, "ತುಸು ಸರಿಯವ್ವಾ," ಎಂದು ಹೇಳಿ ಅಲ್ಲಿ ಕೂತಳು. ಆ ಕಿಟಕಿಗೆ ಕಾಂಪೌಂಡಿನ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಸ್ಸು ಹಿಂದೆ ಸರಿದು, ಹೊರಳಿ, ಗೇಟು ದಾಟಿ ರಸ್ತೆ ಹಿಡಿಯುವವರೆಗೂ ಆಕೆ ಆ ಗೋಡೆಯನ್ನೇ ನೋಡುತ್ತಿದ್ದಳು.